ದೇವರ ಮುಂದಿಟ್ಟ ಫ್ಯೂಸು

ತಾಳ್ಯದ ಹತ್ತಿರದ ಗೊಲ್ಲರಹಟ್ಟಿಯಲ್ಲಿ ಹುಟ್ಟಿದ ಎತ್ತಪ್ಪ ಇಪ್ಪತ್ತೆರಡು ವರ್ಷ ಕುರಿಗಳ ಹಿಂದೆ ತಿರುಗಿದ, ಹತ್ತು ವರ್ಷ ಕಬ್ಬಿಣದ ಅದಿರಿನ ಹಿಂದೆ ತಿರುಗಿದ. ಎರಡರಲ್ಲಿ ಯಾವುದನ್ನು ನಂಬಬಹುದು ಎಂದು ಯಾರಾದರೂ ಕೇಳಿದ್ದರೆ ಅವನು ಯೋಚನೆಯನ್ನೂ ಮಾಡದೆ ಕುರಿ ಎನ್ನುತ್ತಿದ್ದ. ಯಾರೂ ಕೇಳಲಿಲ್ಲ. ಗಣಿಯಲ್ಲಿ ಕೂಲಿಯವನನ್ನು ಕೇಳುವ ಪ್ರಶ್ನೆಗಳೇ ಬೇರೆ.

ಹೊಸದುರ್ಗದ ಕಡೆಯ ಗುಡ್ಡಗಳಲ್ಲಿ ಪರಊರಿನ ಕಂಪನಿಯೊಂದು ಅದಿರು ಅಗೆಸುತ್ತಿತ್ತು. ಅಗೆದ ಕಲ್ಲನ್ನು ಕ್ರಷರಿಗೆ ಹಾಕಿ ಒಡೆದು, ಲಾರಿಗೆ ತುಂಬಿ ಚಿಕ್ಕಜಾಜೂರು ಸ್ಟೇಷನ್ನಿಗೆ ಕಳಿಸಿದರೆ ಅಲ್ಲಿಂದ ವ್ಯಾಗನ್ನುಗಳು ಹೊತ್ತುಕೊಂಡು ಹೋಗುತ್ತಿದ್ದವು. ಎಲ್ಲಿಗೆ ಎಂದು ಎತ್ತಪ್ಪನಿಗೆ ಗೊತ್ತಿರಲಿಲ್ಲ. ಅರವತ್ತೆಂಟನೆಯ ಇಸವಿಯಲ್ಲಿ ಪುಟ್ಟಿ ಹೊರಲು ಸೇರಿದವನು ಅವನು. ಎರಡು ವರ್ಷ ಕಳೆಯುವುದರೊಳಗೆ ಫೋರ್‌ಮನ್ ಏಕಾಂತಪ್ಪ ಅವನನ್ನು ಪುಟ್ಟಿಯಿಂದ ಬಿಡಿಸಿ ಕ್ರಷರ್ ರಿಪೇರಿಗೆ ಹಾಕಿಕೊಂಡ.

ಅದಕ್ಕೆ ಕಾರಣ ಎತ್ತಪ್ಪನ ಬಲಗೈ. ಹಟ್ಟಿಯಲ್ಲಿ ಕುರಿ ಈಯಲಾರದೆ ಒದ್ದಾಡಿದರೆ ಇವನನ್ನೇ ಕರೆಯುತ್ತಿದ್ದರು. ಕೈ ಒಳಗೆ ಹಾಕಿ, ಕಣ್ಣು ಮುಚ್ಚಿ, ಮರಿಯ ಕಾಲು ಯಾವುದು ತಲೆ ಯಾವುದು ಎಂದು ಬೆರಳಲ್ಲೇ ಕಂಡುಕೊಂಡು ಮೆಲ್ಲಗೆ ತಿರುಗಿಸಿ ಎಳೆಯುತ್ತಿದ್ದ. ಕ್ರಷರಿಗೂ ಅದೇ ಕೈ ಬೇಕಾಗಿತ್ತು. ಅದರ ಬಾಯಲ್ಲಿ ಹಲ್ಲಿರುವ ಎರಡು ದಪ್ಪ ಕಬ್ಬಿಣದ ಹಲಗೆಗಳಿರುತ್ತವೆ. ಒಂದು ನಿಂತಿರುತ್ತದೆ, ಇನ್ನೊಂದು ಅಗಿಯುತ್ತದೆ. ಆಳುಗಳು ಅದನ್ನು ದವಡೆ ಎನ್ನುತ್ತಿದ್ದರು. ಹಲ್ಲು ಸವೆದಾಗ, ಬೋಲ್ಟು ಸಡಿಲವಾದಾಗ, ಕಲ್ಲು ಸಿಕ್ಕಿಕೊಂಡಾಗ ಯಾರಾದರೂ ಆ ಬಾಯೊಳಗೆ ಇಳಿಯಲೇಬೇಕು. ಎತ್ತಪ್ಪ ಇಳಿದು, ಕೈ ತೂರಿಸಿ, ಕಾಣದ ಬೋಲ್ಟನ್ನು ತಡವಿ, ಎಲ್ಲಿ ಸಡಿಲವಾಗಿದೆ ಎಂದು ಹೇಳುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ.

"ನಿನ್ನ ಕೈಗೆ ಕಣ್ಣು ಐತೆ ಕಣೋ," ಎಂದು ಏಕಾಂತಪ್ಪ ಒಮ್ಮೆ ಅಂದಿದ್ದ. ಮೆಚ್ಚುಗೆಯ ಮಾತನ್ನು ಅಪರೂಪಕ್ಕೆ ಆಡುವ ಮನುಷ್ಯ ಅವನು. ಹಣೆಗೆ ವಿಭೂತಿ ಹಚ್ಚದೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ, ಸುಳ್ಳು ಲೆಕ್ಕಕ್ಕೆ ರುಜು ಹಾಕುತ್ತಿರಲಿಲ್ಲ, ಆಳುಗಳಿಗೆ ಬೈದರೂ ಅವರ ತಾಯಂದಿರನ್ನು ಎಳೆದು ತರುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಸೀಮೆಸುಣ್ಣದಿಂದ ಕಬ್ಬಿಣದ ತಗಡಿನ ಮೇಲೆ ಬರೆದು ಬರೆದು, ಹೆಬ್ಬೆಟ್ಟಿನ ಎತ್ತಪ್ಪನಿಗೆ ತನ್ನ ಹೆಸರು ಬರೆಯುವುದನ್ನು ಕಲಿಸಿದವನೂ ಅವನೇ. ಮೊದಲ ಸಲ ಹಾಜರಿ ಪುಸ್ತಕದಲ್ಲಿ ರುಜು ಹಾಕಿದ ದಿನ ಎತ್ತಪ್ಪ ಹಟ್ಟಿಗೆ ಹೋಗಿ ಹೆಂಡತಿ ಗಂಗಕ್ಕನಿಗೆ ಒಲೆಯ ಇದ್ದಿಲಿನಲ್ಲಿ ಗೋಡೆಯ ಮೇಲೆ ಹೆಸರು ಬರೆದು ತೋರಿಸಿದ. ಬಳಿದ ಗೋಡೆ ಹಾಳಾಯಿತೆಂದು ಅವಳು ಬೈದಳು, ಅಳಿಸಲಿಲ್ಲ.

ಎಪ್ಪತ್ತೆರಡರಲ್ಲಿ ಸಣ್ಣತಿಮ್ಮಪ್ಪ ಎಂಬ ಆಳು ದವಡೆಯ ಕೆಳಗೆ ಗ್ರೀಸು ಹಚ್ಚುತ್ತಿದ್ದಾಗ ಮೇಲಿದ್ದವರಾರೋ ಸ್ವಿಚ್ಚು ಹಾಕಿದರು. ಚಿತ್ರದುರ್ಗದ ಆಸ್ಪತ್ರೆ ಮುಟ್ಟುವ ಮೊದಲೇ ಲಾರಿಯಲ್ಲಿ ಅವನ ಜೀವ ಹೋಯಿತು. ಆಯುಷ್ಯ ಅಷ್ಟೇ ಇತ್ತು ಎಂದರು ಕಂಪನಿಯವರು. ಕಂಪನಿಗಳಿಗೆ ಉಳಿದ ದಿನಗಳಲ್ಲಿ ದೇವರ ನೆನಪಿರುವುದಿಲ್ಲ, ಆಳು ಸತ್ತ ದಿನ ಮಾತ್ರ ವೇದಾಂತ ಉಕ್ಕಿ ಬರುತ್ತದೆ.

ಎತ್ತಪ್ಪನಿಗೆ ಎಂಟು ದಿನ ಊಟ ಸೇರಲಿಲ್ಲ. ಒಂಬತ್ತನೆಯ ದಿನ ಅವನಿಗೆ ಅಪ್ಪನ ಕುರಿ ರೊಪ್ಪದ ನೆನಪು ಬಂತು. ಅಪ್ಪ ರೊಪ್ಪದೊಳಗೆ ಹೋಗುವಾಗ ತಡಿಕೆಯ ಅಗಳಿಯನ್ನು ಹೊರಗೆ ಬಿಡದೆ ತನ್ನ ಕಂಬಳಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದ. ಅಗಳಿ ನನ್ನ ಹತ್ತಿರ ಇದ್ದರೆ ಹೊರಗಿನಿಂದ ಯಾರೂ ಹಾಕುವಂತಿಲ್ಲ, ಯಾರೂ ತೆಗೆಯುವಂತಿಲ್ಲ ಎನ್ನುತ್ತಿದ್ದ. ಮಾರನೆಯ ದಿನ ದವಡೆಗೆ ಇಳಿಯುವ ಮುಂಚೆ ಎತ್ತಪ್ಪ ಗೋಡೆಯ ಬೋರ್ಡಿನಿಂದ ಬಿಳಿ ಪಿಂಗಾಣಿಯ ಮೂರು ಫ್ಯೂಸುಗಳನ್ನು ಕಿತ್ತು, ಟವೆಲಿನಲ್ಲಿ ಗಂಟು ಹಾಕಿ, ಬೆನ್ನ ಕಡೆಗೆ ಸೊಂಟಕ್ಕೆ ಕಟ್ಟಿಕೊಂಡ. ಇನ್ನು ಮೇಲೆ ಯಾರು ಯಾವ ಸ್ವಿಚ್ಚು ಒತ್ತಿದರೂ ಮೆಷಿನ್ನು ಮಿಸುಕುವಂತಿರಲಿಲ್ಲ.

ಆಳುಗಳು ನಕ್ಕರು. ಎತ್ತಪ್ಪ ಮರಿ ಕಟ್ಟಿಕೊಂಡು ಕೆಲಸಕ್ಕೆ ಬಂದಿದ್ದಾನೆ ಎಂದರು. ಹೊತ್ತು ಹಾಳಾಗುತ್ತದೆಂದು ಮ್ಯಾನೇಜರು ರೇಗಿದರು. ಏಕಾಂತಪ್ಪ ಮಾತ್ರ ಅವನ ಪರವಾಗಿ ನಿಂತು, ಇದರಿಂದ ಯಾರಿಗೇನು ನಷ್ಟ ಎಂದು ಮ್ಯಾನೇಜರ ಬಾಯಿ ಮುಚ್ಚಿಸಿದ. ಆಮೇಲೆ ನಕ್ಕವರೂ ಒಬ್ಬೊಬ್ಬರಾಗಿ ಟವೆಲು ಕಟ್ಟತೊಡಗಿದರು. ನಾಲ್ಕು ವರ್ಷ ಆ ದವಡೆ ಒಬ್ಬನ ಬೆರಳನ್ನೂ ಮುಟ್ಟಲಿಲ್ಲ. ಇದು ಯಾವ ಕಾಗದದಲ್ಲೂ ಬರೆದ ನಿಯಮವಲ್ಲ. ಕುರಿಗಾಹಿಯೊಬ್ಬನ ತಲೆಯಲ್ಲಿ ಹೊಳೆದದ್ದು, ಅಷ್ಟೆ.

ಎಪ್ಪತ್ತಾರರ ಆಯುಧಪೂಜೆ ಬಂತು. ಗಣಿಗೆ ಅಂದು ರಜೆ, ಆದರೆ ರಿಪೇರಿ ಆಳುಗಳಿಗೆ ಪೂಜೆಯ ಕೆಲಸ. ಬೆಳಗ್ಗೆಯೇ ಸ್ಪ್ಯಾನರು, ಸುತ್ತಿಗೆ, ಹಾರೆ, ಸರಪಳಿ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಕ್ರಷರಿನ ಮುಂದೆ ಕೆಂಪು ವಸ್ತ್ರದ ಮೇಲೆ ಸಾಲಾಗಿ ಇಟ್ಟರು. ಪ್ರತಿಯೊಬ್ಬನೂ ತನ್ನ ಅನ್ನದ ಆಯುಧವನ್ನು ತಾನೇ ಇಡಬೇಕು. ಎತ್ತಪ್ಪ ಗೋಡೆಯಿಂದ ಮೂರು ಫ್ಯೂಸು ಕಿತ್ತು ತಂದು ಒರೆಸಿ ಇಟ್ಟ. ತನ್ನ ಆಯುಧ ಅದೇ ಎಂದು ಅವನಿಗೆ ಅನುಮಾನವೇ ಇರಲಿಲ್ಲ. ಕುಂಕುಮ ಹಚ್ಚಿದರು, ಚೆಂಡು ಹೂವು ಇಟ್ಟರು.

ಮ್ಯಾನೇಜರು ಸಂಸಾರ ಸಮೇತ ಹನ್ನೊಂದಕ್ಕೆ ಬರುವುದೆಂದು ಮಾತಾಗಿತ್ತು. ಹತ್ತರ ಸುಮಾರಿಗೆ ಏಕಾಂತಪ್ಪ ಕ್ರಷರಿನ ಬಾಯಿಗೆ ಇಣುಕಿ ನೋಡಿದ. ಹಿಂದಿನ ದಿನದ ಒಂದು ಕಲ್ಲು ದವಡೆಯಲ್ಲಿ ಸಿಕ್ಕಿಕೊಂಡಿತ್ತು.

"ಎತ್ತಪ್ಪ, ಅಮ್ಮಾವ್ರು ಬರೋದ್ರೊಳಗೆ ಇಳ್ದು ಆ ಕಲ್ಲು ತೆಗ್ದುಬಿಡು. ಪೂಜೆ ದಿನ ಮೆಷಿನ್ ಬಾಯಾಗೆ ಎಂಜ್ಲು ಇರಬಾರದು," ಎಂದ.

ಎತ್ತಪ್ಪ ಫ್ಯೂಸುಗಳ ಕಡೆ ನೋಡಿದ. ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳೋಣವೇ ಎಂದು ಒಂದು ಗಳಿಗೆ ಅನಿಸಿತು. ಆದರೆ ಪೂಜೆಗಿಟ್ಟ ಆಯುಧವನ್ನು ಆ ದಿನ ಕದಲಿಸಬಾರದು. ತಾನೇ ಕದಲಿಸಬಾರದೆಂದ ಮೇಲೆ ಬೇರೆಯವರು ಕದಲಿಸುತ್ತಾರೆಯೇ? ತನ್ನ ಸೊಂಟಕ್ಕಿಂತ ದೇವರ ಮುಂದೆ ಅವು ಭದ್ರವಾಗಿವೆ ಎಂದುಕೊಂಡ. ಕಲ್ಲು ಮೀಟಲು ಹಾರೆ ಬೇಕಾಗಿತ್ತು, ಹಾರೆಯೂ ಪೂಜೆಯಲ್ಲಿತ್ತು. ಬರಿಗೈಯಲ್ಲಿ ಇಳಿದ. ಕಲ್ಲು ಬೇಗ ಕದಲಲಿಲ್ಲ.

ಮ್ಯಾನೇಜರ ಜೀಪು ಹತ್ತೂವರೆಗೇ ಬಂತು. ಅವರಿಗೆ ಹಿರಿಯೂರಿನಲ್ಲಿ ನೆಂಟರ ಮನೆಯ ಊಟಕ್ಕೆ ಹೋಗುವುದಿತ್ತು. ಜಾಗಟೆ ಹೊಡೆದು ಮಂಗಳಾರತಿ ಮಾಡಿದರು. ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ಕ್ರಷರಿನ ಮುಂದೆ ಒಡೆಯುವಾಗ ಮ್ಯಾನೇಜರಿಗೆ ಹೊಸ ಯೋಚನೆ ಬಂತು. ಮೆಷಿನ್ನು ಒಂದು ಸುತ್ತು ತಿರುಗಿಬಿಡಲಿ, ಹಸಿರು ಗುಂಡಿಯನ್ನು ನಮ್ಮವಳೇ ಒತ್ತಲಿ ಎಂದರು. ಫ್ಯೂಸು ಪೂಜೆಗಿಟ್ಟಿದೆ ಎಂದು ಏಕಾಂತಪ್ಪ ಒಂದು ಸಲ ಹೇಳಿದ. ಮ್ಯಾನೇಜರು ಗಡಿಯಾರ ನೋಡಿಕೊಂಡರು. ಏಕಾಂತಪ್ಪ ಎರಡನೆಯ ಸಲ ಹೇಳಲಿಲ್ಲ. ಬಗ್ಗಿ, ಹೂವು ಸರಿಸಿ, ಕುಂಕುಮ ಹಚ್ಚಿದ ಮೂರು ಫ್ಯೂಸುಗಳನ್ನು ಎತ್ತಿಕೊಂಡು ಹೋಗಿ ಗೋಡೆಯ ಬೋರ್ಡಿಗೆ ಸಿಕ್ಕಿಸಿದ. ಎತ್ತಪ್ಪ ಇಷ್ಟರಲ್ಲಿ ಮೇಲೆ ಬಂದಿರುತ್ತಾನೆ ಎಂದುಕೊಂಡನೋ, ಮ್ಯಾನೇಜರ ಮುಖ ನೋಡುತ್ತಾ ಅವನನ್ನು ಮರೆತೇಬಿಟ್ಟನೋ, ಅಂತೂ ಇಣುಕಿ ನೋಡಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಬಾಯಿ ಕಾಣುತ್ತಿತ್ತು.

ಮ್ಯಾನೇಜರ ಹೆಂಡತಿ ಗುಂಡಿ ಒತ್ತಿದರು. ಮತ್ತೆ ಮೊಳಗಿದ ಜಾಗಟೆಯ ಸದ್ದಿನಲ್ಲಿ ಎತ್ತಪ್ಪನ ಕೂಗು ತಡವಾಗಿ ಕೇಳಿಸಿತು. ಕೆಂಪು ಕಂಡವರು ಮೊದಲು ಅದು ಕುಂಬಳಕಾಯಿಯ ಕುಂಕುಮವೆಂದೇ ತಿಳಿದರು.

ದುರ್ಗದ ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈಗಿಂತ ಮೇಲಕ್ಕೆ ಕತ್ತರಿಸಿ ತೆಗೆದು ಜೀವ ಉಳಿಸಿದರು. ಆರು ವಾರ ಅವನು ಅಲ್ಲೇ ಇದ್ದ. ಇಲ್ಲದ ಬೆರಳುಗಳು ನೋಯುತ್ತಿದ್ದವು. ಅದನ್ನು ಹೇಳಿದರೆ ಹುಚ್ಚು ಎಂದಾರೆಂದು ಸುಮ್ಮನಿದ್ದ. ಗಂಗಕ್ಕ ಮುದ್ದೆ ಮುರಿದು ಬಾಯಿಗಿಡುವಾಗ ಅವನಿಗೆ ಸಾಯುವಷ್ಟು ನಾಚಿಕೆಯಾಗುತ್ತಿತ್ತು.

ಎರಡನೆಯ ವಾರ ಏಕಾಂತಪ್ಪ ಬಂದ. ಮಂಚದ ಪಕ್ಕ ನಿಂತವನು ಇದ್ದಕ್ಕಿದ್ದ ಹಾಗೆ ಅತ್ತುಬಿಟ್ಟ. ಗಣಿಗಳ ಇನ್ಸ್‌ಪೆಕ್ಟರು ವಿಚಾರಣೆಗೆ ಬರುತ್ತಾರೆ ಎಂದ.

"ನಾನು ಹೇಳ್ತೀನಿ ಕಣೋ. ನಾನೇ ಇಳಿಸ್ದೆ, ಫ್ಯೂಸು ಹಾಕಿದ್ದೂ ನಾನೇ ಅಂತ ಹೇಳ್ತೀನಿ. ಈ ವಿಭೂತಿ ಹಚ್ಚಿದ ಹಣೆ ಮೇಲಾಣೆ," ಎಂದ.

ಎತ್ತಪ್ಪನಿಗೆ ಅಷ್ಟು ಸಾಕಾಗಿತ್ತು. ಕೈ ಹೋದದ್ದಕ್ಕೆ ಕಂಪನಿ ಏನು ಕೊಡುತ್ತದೋ ಬಿಡುತ್ತದೋ, ಅದು ಅವನ ತಲೆಯಲ್ಲಿರಲಿಲ್ಲ. ಎತ್ತಪ್ಪ ತನ್ನ ತಪ್ಪಿನಿಂದ ಕೈ ಕಳೆದುಕೊಂಡ ಎಂದು ಯಾರೂ ಅನ್ನಬಾರದು, ಅಷ್ಟೇ ಬೇಕಾಗಿತ್ತು. ಸಣ್ಣತಿಮ್ಮಪ್ಪನ ಹೆಣ ನೋಡಿದವನು, ಊರಿಗೆಲ್ಲ ಟವೆಲು ಕಟ್ಟಿಸಿದವನು ತಾನೇ ಮೈಮರೆತ ಎನ್ನಿಸಿಕೊಂಡು ಬದುಕಲು ಅವನಿಂದ ಸಾಧ್ಯವಿರಲಿಲ್ಲ. ಆ ಹೊತ್ತಿನಲ್ಲಿ ಅವನನ್ನು ಕಾಯಬಲ್ಲದ್ದು ಏಕಾಂತಪ್ಪನ ಒಂದು ಮಾತು ಮಾತ್ರ.

ಏಕಾಂತಪ್ಪ ಹೋದ ಮೇಲೆ ಗಂಗಕ್ಕ ಮಂಚದ ಕೆಳಗಿನ ಪಾತ್ರೆ ಎತ್ತಿಕೊಳ್ಳುತ್ತಾ, "ಅತ್ತಿದ್ದು ನಿಜ. ಕಾಗದದ ಮುಂದೆ ಏನ್ ಮಾಡ್ತಾನೋ ನೋಡಾಣ," ಎಂದಳು. ಎತ್ತಪ್ಪನಿಗೆ ಅವಳ ಮೇಲೆ ಸಿಟ್ಟು ಬಂತು.

ವಿಚಾರಣೆ ಗಣಿಯ ಆಫೀಸಿನಲ್ಲೇ ನಡೆಯಿತು. ಅದು ತುರ್ತು ಪರಿಸ್ಥಿತಿಯ ಕಾಲ. ಯೂನಿಯನ್ನಿನ ಬಾಗಿಲಿಗೆ ಬೀಗ ಬಿದ್ದು ವರ್ಷ ದಾಟಿತ್ತು, ಆಳುಗಳು ಬಾಯಿಗೆ ತಾವೇ ಬೀಗ ಹಾಕಿಕೊಂಡಿದ್ದರು. ಇನ್ಸ್‌ಪೆಕ್ಟರು ಕೆಟ್ಟವರಲ್ಲ. ಎತ್ತಪ್ಪನನ್ನು ಕೂರಿಸಿ, ಚಹಾ ತರಿಸಿ, ನಿಧಾನವಾಗಿ ಕೇಳಿದರು. ಆದರೆ ಅವರ ಮುಂದೆ ಟೈಪು ಮಾಡಿದ ಒಂದು ಹಾಳೆ ಇತ್ತು. ಕಂಪನಿಯ ಸುರಕ್ಷತಾ ನಿಯಮ ಎಂಬ ತಲೆಬರಹ, ಕೆಳಗೆ ಎರಡು ವರ್ಷ ಹಿಂದಿನ ತಾರೀಖು. ಹಾಳೆ ಮಾತ್ರ ಬೆಳ್ಳಗೆ, ಮಡಿಕೆಯೂ ಬೀಳದೆ, ಹೋದ ವಾರ ಹುಟ್ಟಿದ ಹಾಗಿತ್ತು. ಮೂರನೆಯ ನಿಯಮವನ್ನು ಅವರು ಓದಿದರು. ಯಂತ್ರದ ಒಳಗೆ ಇಳಿಯುವ ಕೆಲಸಗಾರನು ಮೂರು ಫ್ಯೂಸುಗಳನ್ನೂ ಕಿತ್ತು, ತನ್ನ ಸೊಂಟಕ್ಕೆ ಕಟ್ಟಿಕೊಂಡಿರತಕ್ಕದ್ದು.

ತನ್ನ ಮಗುವನ್ನು ಬೇರೆಯವರ ತೊಡೆಯ ಮೇಲೆ ಕಂಡವನ ಹಾಗೆ ಎತ್ತಪ್ಪ ಆ ಹಾಳೆಯನ್ನೇ ನೋಡಿದ.

"ಈ ನಿಯಮ ನಿನಗೆ ಗೊತ್ತಿತ್ತಾ?" ಎಂದು ಇನ್ಸ್‌ಪೆಕ್ಟರು ಕೇಳಿದರು.

"ನಿಯಮ ನಂದೇ, ಸ್ವಾಮಿ," ಎಂದ ಎತ್ತಪ್ಪ.

ಅವರಿಗೆ ಅರ್ಥವಾಗಲಿಲ್ಲ. ಗೊತ್ತಿತ್ತು ಎಂದು ಬರೆದುಕೊಂಡರು. ಅಂದು ಫ್ಯೂಸು ಎಲ್ಲಿತ್ತು ಎಂದು ಕೇಳಿದರು. ದೇವರ ಮುಂದೆ ಎಂದ. ಸೊಂಟದಲ್ಲಿ ಇರಲಿಲ್ಲವೇ ಎಂದರು. ಇರಲಿಲ್ಲ ಎಂದ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ. ಇವನಿಗೆ ಕಟ್ಟಿಸಿಕೊಳ್ಳಲು ಉಳಿದದ್ದೂ ಒಂದೇ ಕೈ.

ಆಮೇಲೆ ಏಕಾಂತಪ್ಪನನ್ನು ಕರೆದರು. ಮ್ಯಾನೇಜರು ಪಕ್ಕದ ಕುರ್ಚಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಗುಂಡಿ ಒತ್ತಿದ ಕೈ ಯಾರದೆಂಬುದು ಆ ಕೋಣೆಯಲ್ಲಿ ಬಾಯಿಗೆ ಬರಬಾರದ ಮಾತಾಗಿತ್ತು. ಏಕಾಂತಪ್ಪನಿಗೆ ಕೆಲಸ ಇನ್ನೆರಡು ವರ್ಷ ಉಳಿದಿತ್ತು, ಕಂಪನಿಯ ಕ್ವಾರ್ಟರ್ಸಿನಲ್ಲಿ ಮನೆಯಿತ್ತು, ಮಗ ಅದೇ ಆಫೀಸಿನಲ್ಲಿ ಹೊಸದಾಗಿ ಗುಮಾಸ್ತನಾಗಿದ್ದ. ಆ ಹಾಳೆಯನ್ನು ಟೈಪು ಮಾಡಿದ್ದು ಆ ಮಗನೇ ಇರಬಹುದು. ಏಕಾಂತಪ್ಪ ಹಣೆ ಒರೆಸಿಕೊಂಡ. ಬೆವರಿನ ಜೊತೆ ವಿಭೂತಿಯೂ ಹೋಯಿತು.

"ಅವತ್ತು ರಜೆ ಸ್ವಾಮಿ. ಅವನು ಇಳಿದಿದ್ದು ನಂಗೆ ಗೊತ್ತಿರ್ಲಿಲ್ಲ," ಎಂದ.

ಎತ್ತಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಏಕಾಂತಪ್ಪ ಮೇಜಿನ ಕಾಲನ್ನು ನೋಡುತ್ತಿದ್ದ. ಸುಳ್ಳಿಗೆ ಸುಖವಿಲ್ಲ ಎಂದು ಗಾದೆ ಕಟ್ಟಿದವರು ಕಂಪನಿಯ ಕ್ವಾರ್ಟರ್ಸ್ ನೋಡಿರಲಿಕ್ಕಿಲ್ಲ. ಅಲ್ಲಿ ಸುಳ್ಳಿಗೆ ನಲ್ಲಿಯ ನೀರು ಬರುತ್ತದೆ, ಕರೆಂಟೂ ಇರುತ್ತದೆ.

ಹೇಳಿಕೆಯ ಕೆಳಗೆ ರುಜು ಹಾಕಬೇಕಾಗಿತ್ತು. ಹೆಸರು ಬರೆಯಲು ಕಲಿತ ಕೈ ದುರ್ಗದ ಯಾವ ಮಣ್ಣಿನಲ್ಲಿತ್ತೋ. ಗುಮಾಸ್ತ ಶಾಯಿಯ ಡಬ್ಬಿ ಮುಂದಿಟ್ಟ. ಎತ್ತಪ್ಪ ಎಡಗೈ ಹೆಬ್ಬೆಟ್ಟು ಒತ್ತಿದ. ಕಲಿಸಿದವನು ಎದುರಿಗೇ ನಿಂತಿದ್ದ.

ತಪ್ಪು ಕೆಲಸಗಾರನದೇ ಎಂದು ತೀರ್ಮಾನವಾಯಿತು. ಕಂಪನಿ ದಯೆ ತೋರಿಸಿ ಅವನಿಗೆ ಕ್ರಷರಿನ ಹತ್ತಿರ ಕಾವಲಿನ ಕೆಲಸ ಕೊಟ್ಟಿತು. ಬೇಡ ಎನ್ನುವ ಹಟ ಗಂಗಕ್ಕನಿಗಿತ್ತು, ಅವನಿಗಿರಲಿಲ್ಲ. ಒಂಟಿಗೈಯಲ್ಲಿ ಕುರಿಯ ಉಣ್ಣೆ ಕತ್ತರಿಸಲಾಗದು, ಮರಿ ತಿರುಗಿಸಲಾಗದು, ಮುಳ್ಳು ಬೇಲಿ ಕಟ್ಟಲಾಗದು. ಸ್ಟೂಲಿನ ಮೇಲೆ ಕೂರಬಹುದು. ಅವನ ತಲೆಯ ಮೇಲೆ ಕಂಪನಿಯವರು ಒಂದು ತಗಡಿನ ಬೋರ್ಡು ಹೊಡೆದರು. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರದಲ್ಲಿ ಮೂರನೆಯ ನಿಯಮ. ಹೊಸ ಆಳುಗಳು ಬಂದರೆ ಅದನ್ನು ಓದಿಸಿ, ಕೆಳಗೆ ಕೂತ ಎತ್ತಪ್ಪನನ್ನು ತೋರಿಸಿ, ನಿಯಮ ಮೀರಿದರೆ ಏನಾಗುತ್ತದೆ ನೋಡಿ ಎನ್ನುತ್ತಿದ್ದರು. ಅವನು ಹೊಸಬರ ಕಣ್ಣು ತಪ್ಪಿಸಿ ಗುಡ್ಡ ನೋಡುತ್ತಿದ್ದ. ಗುಡ್ಡವೂ ದಿನದಿನಕ್ಕೆ ಸಣ್ಣದಾಗುತ್ತಿತ್ತು.

ಏಕಾಂತಪ್ಪ ದಿನಾ ಬೆಳಗ್ಗೆ ಆ ಸ್ಟೂಲಿನ ಮುಂದೆಯೇ ಹಾದುಹೋಗುತ್ತಿದ್ದ. ಮೊದಮೊದಲು ನಿಂತು ಏನೋ ಹೇಳುವವನಂತೆ ಮಾಡುತ್ತಿದ್ದ. ಆಮೇಲೆ ಹೆಜ್ಜೆ ಬೇಗ ಹಾಕುವುದನ್ನು ಕಲಿತ.

ಎಪ್ಪತ್ತೆಂಟರ ಬೇಸಿಗೆಯ ಒಂದು ಮಧ್ಯಾಹ್ನ ಚಿಕ್ಕಜಾಜೂರಿನಲ್ಲಿ ವ್ಯಾಗನ್ನುಗಳು ಬಂದು ನಿಂತಿದ್ದಾಗ ದವಡೆಯ ಬೋಲ್ಟು ಸಡಿಲವಾಯಿತು. ಫಿಟ್ಟರ್ ಮುನಿಯಪ್ಪ ಮದುವೆಗೆಂದು ರಜೆ ಹಾಕಿದ್ದ. ಉಳಿದವರು ದವಡೆಗೆ ಇಳಿಯಲು ಒಪ್ಪಲಿಲ್ಲ. ಮ್ಯಾನೇಜರು ಆಫೀಸಿನಿಂದ ಮೂರು ಸಲ ಆಳು ಅಟ್ಟಿದರು. ನಿವೃತ್ತಿಗೆ ಹದಿನೆಂಟು ದಿನ ಉಳಿದಿದ್ದ ಏಕಾಂತಪ್ಪ ಕೊನೆಗೆ ಆಳುಗಳನ್ನು ಊಟಕ್ಕೆ ಕಳಿಸಿ, ಅಂಗಿ ಬಿಚ್ಚಿ ತಾನೇ ಇಳಿಯಲು ನಿಂತ.

ಮೂರು ಫ್ಯೂಸು ಕಿತ್ತು ಕೈಯಲ್ಲಿ ಹಿಡಿದುಕೊಂಡ. ಜೇಬಿನಲ್ಲಿಟ್ಟು ಬಗ್ಗಿದರೆ ಪಿಂಗಾಣಿ ಒಡೆಯುತ್ತದೆ. ಹೋದ ತಿಂಗಳು ಮುನಿಯಪ್ಪನ ಜೇಬಿನಲ್ಲಿ ಒಂದು ಒಡೆದಿತ್ತು. ಸೊಂಟಕ್ಕೆ ಕಟ್ಟೋಣವೆಂದರೆ ಅವನ ಹತ್ತಿರ ಟವೆಲಿರಲಿಲ್ಲ. ಅತ್ತಿತ್ತ ನೋಡಿ ಸ್ಟೂಲಿನ ಹತ್ತಿರ ಬಂದ. ಎರಡು ವರ್ಷದಲ್ಲಿ ಎತ್ತಪ್ಪನನ್ನು ಮಾತಾಡಿಸಿದ್ದು ಅದೇ ಮೊದಲು.

"ನೀನೇ ಇಟ್ಕೊಳಪ್ಪ. ಬೇರೆಯವ್ರ ಕೈಗೆ ಕೊಡಾಕೆ ಧೈರ್ಯ ಬರಲ್ಲ," ಎಂದ.

ಎತ್ತಪ್ಪ ಟವೆಲು ಮಡಿಲ ಮೇಲೆ ಹಾಸಿದ. ಏಕಾಂತಪ್ಪ ಮೂರನ್ನೂ ಅದರಲ್ಲಿಟ್ಟು ಗಂಟು ಹಾಕಿ ಇಳಿದ. ಒಳಗಿನಿಂದ ಸ್ಪ್ಯಾನರಿನ ಸದ್ದು ಕೇಳತೊಡಗಿತು. ಬೋಲ್ಟು ಹಿಡಿತಕ್ಕೆ ಸಿಗದೆ ಜಾರುತ್ತಿದೆ ಎಂದು ಎತ್ತಪ್ಪನಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಇಲ್ಲದ ಕೈ ತಾನಾಗಿ ಬಾಗಿ, ಎಡಗಡೆಯಿಂದ ಹಿಡಿಯಬೇಕು ಎನ್ನುತ್ತಿತ್ತು.

ಬಿಸಿಲು ಸ್ಟೂಲಿನ ಮೇಲೆ ಬಂತು. ನೆರಳು ಗೋಡೆಯ ಕಡೆಗಿತ್ತು, ಫ್ಯೂಸಿನ ಬೋರ್ಡು ಇದ್ದ ಗೋಡೆ. ಎತ್ತಪ್ಪ ಟವೆಲಿನ ಗಂಟನ್ನು ಎಡಗೈಯಲ್ಲಿ ಹಿಡಿದು ಎದ್ದ. ಅದಿರಿನ ಪುಡಿಯ ಮೇಲೆ ಅವನ ಚಪ್ಪಲಿ ಕರಕರ ಎಂದಿತು. ಮೂರು ಹೆಜ್ಜೆ ಇಡುವುದರೊಳಗೆ ಸ್ಪ್ಯಾನರಿನ ಸದ್ದು ನಿಂತಿತು.

"ಎತ್ತಪ್ಪ, ಎಲ್ಲಿಗೆ ಹೊಂಟೆ?"

ಬಿಸಿಲು ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನ ದನಿ ಒಡೆದುಹೋಯಿತು.

"ನಾನೇ ಕಣೋ. ನಾನೇ ನಿನ್ನ ಇಳಿಸಿದ್ದು. ಫ್ಯೂಸು ಹಾಕಿದ್ದೂ ನಾನೇ. ಬೇಕಾದ್ರೆ ಬರ್ಕೊಡ್ತೀನಿ. ಬ್ಯಾಡ ಕಣಪ್ಪ, ಅದನ್ನ ಹಾಕ್ಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ."

ಎರಡು ವರ್ಷ ಎತ್ತಪ್ಪ ಕಾದದ್ದು ಆ ಮಾತಿಗೇ. ಹಟ್ಟಿಯಲ್ಲಿ ಮಲಗಿದಾಗ, ಬೋರ್ಡಿನ ಕೆಳಗೆ ಕೂತಾಗ, ಇದೇ ಮಾತು ಇದೇ ಬಾಯಿಂದ ಬಂದಂತೆ ಎಷ್ಟು ಸಲ ಅಂದುಕೊಂಡಿದ್ದ. ಈಗ ಬಂತು. ಇನ್ಸ್‌ಪೆಕ್ಟರಿಲ್ಲ, ಗುಮಾಸ್ತನಿಲ್ಲ, ಊಟಕ್ಕೆ ಹೋದ ಆಳುಗಳೂ ಇಲ್ಲ. ದವಡೆಯೊಳಗಿಂದ ಒಬ್ಬ ಹೇಳಿದ, ಮೇಲೆ ಒಬ್ಬ ಕೇಳಿಸಿಕೊಂಡ.

ಅವನಿಗೆ ಸಮಾಧಾನವಾಗಲಿಲ್ಲ. ಈ ಮನುಷ್ಯ ತನ್ನನ್ನು ಏನೆಂದು ತಿಳಿದಿದ್ದಾನೆ? ನಂಬಿ ಒಳಗಿಳಿದವನ ಮೇಲೆ ಮೆಷಿನ್ನು ಬಿಡುವವನು ಎಂದು. ಹೆಸರು ಬರೆಯಲು ಕಲಿಸಿದವನಿಗೆ ಆ ಹೆಸರಿನವನು ಎಂಥವನೆಂದು ಗೊತ್ತಿರಲಿಲ್ಲ. ದೇವರ ಮುಂದಿಟ್ಟದ್ದನ್ನು ಮನುಷ್ಯ ಮುಟ್ಟಬಲ್ಲ ಎಂಬುದು ಎತ್ತಪ್ಪನ ತಲೆಗೇ ಹೊಳೆದಿರಲಿಲ್ಲ, ಅದಕ್ಕೇ ಅವನ ಕೈ ಹೋಯಿತು. ಏಕಾಂತಪ್ಪನಿಗೆ ಎಲ್ಲವೂ ಹೊಳೆಯುತ್ತದೆ, ಅದಕ್ಕೇ ಅವನ ಎರಡು ಕೈಯೂ ಉಳಿದಿವೆ.

ನೆರಳು ಇನ್ನು ಎರಡು ಹೆಜ್ಜೆಯಲ್ಲಿತ್ತು. ಎತ್ತಪ್ಪ ತಿರುಗಿ ಬಂದು ಬಿಸಿಲಲ್ಲೇ ಸ್ಟೂಲಿನ ಮೇಲೆ ಕೂತ.

"ಇಲ್ಲೇ ಕುಂತೀನಿ. ಎಡಗಡೆಯಿಂದ ಹಿಡಿದು ತಿರುಗಿಸ್ರಿ, ಬರ್ತೈತೆ," ಎಂದ.

ಸ್ಪ್ಯಾನರು ಮತ್ತೆ ಸದ್ದು ಮಾಡಿತು. ಬೋಲ್ಟು ಬಿಗಿಯಿತು. ಏಕಾಂತಪ್ಪ ಹತ್ತಿ ಮೇಲೆ ಬಂದು, ಅಂಗಿ ಹಾಕಿಕೊಂಡು, ಗುಂಡಿಗಳನ್ನು ನಿಧಾನವಾಗಿ ಒಂದೊಂದಾಗಿ ಹಾಕಿದ. ಬರೆದುಕೊಡುವ ಮಾತು ಎತ್ತಲಿಲ್ಲ. ಎತ್ತಪ್ಪನೂ ಕೇಳಲಿಲ್ಲ. ಟವೆಲಿನ ಗಂಟನ್ನು ಹಲ್ಲಿನಿಂದ ಬಿಚ್ಚಿ ಮುಂದೆ ಹಿಡಿದ.

"ಮೂರೂ ಅವೆ. ಎಣಿಸ್ಕಳ್ರಿ," ಎಂದ.

ಏಕಾಂತಪ್ಪ ಎಣಿಸಿಕೊಂಡ.